ಲೆಕ್ಕ ಭರ್ತಿಗೆ ಮಕ್ಕಳು: ಐಸ್ ಡಾನ್ಸ್ ಕೂಟಗಳ ಆಯೋಜಕರಿಗೆ ಕಾರವಾರದಿಂದ ಒಂದು ಬಹಿರಂಗ ಪತ್ರ

ರಾಷ್ಟ್ರಮಟ್ಟದ ಐಸ್ ಸ್ಕೇಟಿಂಗ್ ಕೂಟಗಳನ್ನು ನಡೆಸುವ, ಅವುಗಳ ನಿಯಮ ಬರೆಯುವ ಮಾನ್ಯ ಪದಾಧಿಕಾರಿಗಳಿಗೆ,

ಒಬ್ಬ ಪಾಲಕನ ನಮಸ್ಕಾರಗಳು. ಹಿರಿಯರ ವಿಭಾಗದಲ್ಲಿ ಜೋಡಿಗಳು ಸಾಲದಾಗ ಜೂನಿಯರ್ ಮಕ್ಕಳನ್ನು ಕೊನೆಯ ಗಳಿಗೆಯಲ್ಲಿ ಅದರಲ್ಲೂ ಆಡಿಸುವುದರ ಬಗ್ಗೆ ಈ ಪತ್ರ.

ನಾನು ಕಾರವಾರದ ಬೈತಖೋಲ ಬಂದರಿನ ಬಳಿ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆ ಐಸ್ ಎಂದರೆ ಬಂಗಡೆ, ತಾರ್ಲೆ, ಸಿಗಡಿಯ ಪೆಟ್ಟಿಗೆಗೆ ಸುರಿಯುವ ವಸ್ತು. ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ಅದು ಗಟ್ಟಿಯಾಗುತ್ತದೆ. ಹೊರಗೆಳೆದ ಗಡ್ಡೆಯನ್ನು ಪುಡಿ ಮಾಡಿ ದೋಣಿಯ ಹೊಟ್ಟೆಗೆ ತುಂಬುತ್ತಾರೆ. ಅದರ ಮೇಲೆ ಮನುಷ್ಯರು ಕುಣಿಯುತ್ತಾರೆ, ಆ ಕುಣಿತಕ್ಕೆ ಅಂಕ ಹಾಕುವವರು ಇದ್ದಾರೆ ಎಂದು ಹತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಈಗ ನನ್ನ ಮಗಳೇ ಕುಣಿಯುತ್ತಾಳೆ. ಇಬ್ಬರು ಜೋಡಿಯಾಗಿ ಸ್ಕೇಟ್ ಕಟ್ಟಿಕೊಂಡು ಮಂಜಿನ ಮೇಲೆ ಸಂಗೀತಕ್ಕೆ ಕುಣಿಯುವ ಈ ಆಟವೇ ಐಸ್ ಡಾನ್ಸ್. ಪ್ಲಾಂಟಿನ ಹುಡುಗರು ಅವಳನ್ನು ನೋಡಿದಾಗಲೆಲ್ಲ "ಎರಡು ಗಡ್ಡೆ ತೆಗೆದಿಡೋಣವೇ?" ಎಂದು ಕೇಳುತ್ತಾರೆ.

ಮಗಳಿಗೆ ಈಗ ಹದಿನೈದು. ಅವಳ ಜೋಡಿಯಾಗಿ ಆಡುವ ಹುಡುಗ ಶಿರಸಿಯವನು, ಹದಿನೇಳು ವರ್ಷದವನು, ಪಿಯುಸಿ ಓದುತ್ತಿದ್ದಾನೆ. ಇಬ್ಬರೂ ಗಾಲಿಯ ಸ್ಕೇಟಿಂಗ್‌ನಿಂದ ಬಂದವರು. ಜಿಲ್ಲಾ ಮಟ್ಟದ ಒಂದು ಸ್ಪರ್ಧೆಯಲ್ಲಿ ಪರಿಚಯವಾಗಿ, ಶಾಲೆಯೊಂದರ ಸಿಮೆಂಟ್ ಅಂಗಳದಲ್ಲಿ ಜೊತೆಯಾಗಿ ಹೆಜ್ಜೆ ಹಾಕಲು ಕಲಿತರು. ಹುಡುಗ ಶನಿವಾರ ಕಾಲೇಜು ಮುಗಿಸಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕಾರವಾರಕ್ಕೆ ಬರುತ್ತಾನೆ. ಭಾನುವಾರ ಸಂಜೆ ಅವನ ಆಯಿ (ತಾಯಿ) ಫೋನಿನಲ್ಲಿ "ಬಸ್ ಹತ್ತಿದನೇ?" ಎಂದು ವಿಚಾರಿಸುತ್ತಾರೆ. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ. ಆಗ ಕಲ್ಯಾಣ ಮಂಟಪದವರು ಮದುವೆಯಿಲ್ಲದ ದಿನ ಬಾಗಿಲು ತೆರೆದರೆ ಅಭ್ಯಾಸ, ಇಲ್ಲದಿದ್ದರೆ ಇಲ್ಲ. ನಿಜವಾದ ಮಂಜಿನ ಮೇಲೆ ನಿಲ್ಲಬೇಕಾದರೆ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಒಂದೂವರೆ ದಿನ ಕುಳಿತು ದೆಹಲಿಗೆ ಹೋಗಬೇಕು, ಅಲ್ಲಿಂದ ಗುರುಗ್ರಾಮಕ್ಕೆ. ವರ್ಷಕ್ಕೆ ಎರಡು ಸಲ ಹೋಗುತ್ತೇವೆ. ಒಂದು ಸಲ ಜೂನ್‌ನಲ್ಲಿ. ಆಗ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ಪ್ಲಾಂಟಿನ ಯಂತ್ರ ನಿಂತಿರುತ್ತದೆ, ನನಗೆ ರಜೆ ಸುಲಭ. ಸಂಬಳವೂ ಹಗುರ, ಅದು ಬೇರೆ ಮಾತು.

ಇಷ್ಟು ಹೇಳಿದ್ದು ಅನುಕಂಪಕ್ಕಲ್ಲ. ನಮ್ಮಂಥವರಿಗೆ ಮಂಜಿನ ಮೇಲಿನ ಒಂದೊಂದು ಗಂಟೆಯೂ ಎಣಿಸಿ ಇಟ್ಟ ದುಡ್ಡು ಎಂಬುದು ನಿಮಗೆ ತಿಳಿದಿರಲಿ ಎಂದು.

ಕಳೆದ ಋತುವಿನ ರಾಷ್ಟ್ರೀಯ ಕೂಟದಲ್ಲಿ ನಮ್ಮ ಜೋಡಿ ಜೂನಿಯರ್ ವಿಭಾಗಕ್ಕೆ ಹೆಸರು ಕೊಟ್ಟಿತ್ತು. ಮೊದಲ ದಿನ ರಿದಮ್ ಡಾನ್ಸ್, ಅಂದರೆ ಗೊತ್ತುಪಡಿಸಿದ ತಾಳ-ಶೈಲಿಯ ಚಿಕ್ಕ ನೃತ್ಯ; ಎರಡನೆಯ ದಿನ ಫ್ರೀ ಡಾನ್ಸ್, ಅಂದರೆ ತಾವೇ ಆರಿಸಿದ ಸಂಗೀತಕ್ಕೆ ಕಟ್ಟಿದ ದೊಡ್ಡ ನೃತ್ಯ. ಮೂರು ಜೋಡಿಗಳಲ್ಲಿ ಎರಡನೆಯವರಾದರು. ನಿಜವಾಗಿಯೂ ಚೆನ್ನಾಗಿ ಆಡಿದ್ದರು. ಕೋಚ್ ಮೇಡಂ ಸುಲಭವಾಗಿ ಹೊಗಳುವವರಲ್ಲ, ಅವರೂ ಒಂದು ಸಲ ತಲೆಯಾಡಿಸಿದರು. ಸಂಜೆ ಶೂಗಳ ಬ್ಲೇಡ್ ಒರೆಸಿ ಚೀಲಕ್ಕೆ ಹಾಕುತ್ತಿದ್ದಾಗ ಆಯೋಜಕರ ಕಡೆಯಿಂದ ಒಬ್ಬರು ಹಾಳೆ ಹಿಡಿದು ಬಂದರು. ಸೀನಿಯರ್ ವಿಭಾಗಕ್ಕೆ ಒಂದೇ ಜೋಡಿ ಬಂದಿದೆ, ಎರಡಾದರೂ ಇಲ್ಲದಿದ್ದರೆ ಪದಕ ಕೊಡಲು ಬರುವುದಿಲ್ಲ, "ಹೇಗೂ ಬಂದಿದ್ದೀರಿ, ನಾಳೆ ಮಕ್ಕಳು ಅದರಲ್ಲೂ ಆಡಲಿ, ಅನುಭವವಾಗುತ್ತದೆ" ಎಂದರು. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬ ಧಾಟಿ. ಅರ್ಜಿಯಿಲ್ಲ, ಸಹಿಯಿಲ್ಲ. ಹಾಳೆಯಲ್ಲಿ ಪೆನ್ಸಿಲಿನಿಂದ ಎರಡು ಹೆಸರು ಬರೆದುಕೊಂಡರು. ಒಂದರ ಕಾಗುಣಿತ ತಪ್ಪಿತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೋಚ್ ಮೇಡಂ ಬೇಡ ಎಂದರು. ಹುಡುಗ ನನ್ನ ಮುಖ ನೋಡಿದ. ಹೂಂ ಎಂದವನು ನಾನು. ಸೀನಿಯರ್ ರಾಷ್ಟ್ರೀಯ ಪದಕ ಎಂಬ ಮೂರು ಶಬ್ದಗಳು ಪ್ರಮಾಣಪತ್ರದಲ್ಲಿ ಕುಳಿತರೆ ಮುಂದೆ ಕ್ರೀಡಾ ಕೋಟಾದಲ್ಲಿ ಒಂದು ಸೀಟಿಗೆ ಉಪಯೋಗವಾದೀತು ಎಂದು ಆ ಕ್ಷಣದಲ್ಲಿ ಮನಸ್ಸು ಲೆಕ್ಕ ಹಾಕಿತು. ಲೆಕ್ಕ ಬರೆಯುವವನ ಚಾಳಿ. ಮರುದಿನದ ರೈಲಿನ ಟಿಕೆಟ್ ರದ್ದು ಮಾಡಿ ತತ್ಕಾಲ್‌ನಲ್ಲಿ ಬೇರೆ ತೆಗೆಸಿದೆ.

ಓಟದ ಸ್ಪರ್ಧೆಯಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನೂರು ಮೀಟರ್ ಎಂದರೆ ಹುಡುಗನಿಗೂ ನೂರು, ದೊಡ್ಡವನಿಗೂ ನೂರು. ಐಸ್ ಡಾನ್ಸ್‌ನಲ್ಲಿ ಜೂನಿಯರ್ ಮತ್ತು ಸೀನಿಯರ್ ಬೇರೆ ಬೇರೆ ಪ್ರಶ್ನೆಪತ್ರಿಕೆಗಳು. ಜೂನಿಯರ್ ಫ್ರೀ ಡಾನ್ಸ್ ಮೂರೂವರೆ ನಿಮಿಷ, ಸೀನಿಯರ್‌ನದು ನಾಲ್ಕು, ಎರಡಕ್ಕೂ ಹತ್ತು ಸೆಕೆಂಡಿನ ಸಡಿಲ ಮಾತ್ರ. ರಿದಮ್ ಡಾನ್ಸ್‌ನ ಅವಧಿ ಎರಡಕ್ಕೂ 2 ನಿಮಿಷ 50 ಸೆಕೆಂಡ್ ಆದರೂ ಅದರೊಳಗೆ ಕಡ್ಡಾಯವಾಗಿ ಮಾಡಿ ತೋರಿಸಬೇಕಾದ ಭಾಗಗಳು ಒಂದೇ ಅಲ್ಲ. ಒಂದು ಜೋಡಿ ಎರಡೂ ವಿಭಾಗಗಳಲ್ಲಿ ಮಾನವಾಗಿ ಆಡಬೇಕಾದರೆ ಎರಡು ಬೇರೆ ನೃತ್ಯಗಳನ್ನೇ ಕಟ್ಟಬೇಕು, ಎರಡನ್ನೂ ತಿಂಗಳುಗಟ್ಟಲೆ ರೂಢಿಸಬೇಕು. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಒಂದು ರಾತ್ರಿ.

ಆ ರಾತ್ರಿ ವಸತಿಗೃಹದ ಎರಡನೆಯ ಮಹಡಿಯ ಓಣಿಯಲ್ಲಿ ಕೋಚ್ ಮೇಡಂ ಚಪ್ಪಲಿ ಬಿಚ್ಚಿಟ್ಟು ಹೆಜ್ಜೆ ಹೇಳಿಕೊಟ್ಟರು. ಮಕ್ಕಳು ಕಾಲುಚೀಲದಲ್ಲಿ ಜಾರುತ್ತ ಕಲಿತರು. ಪಕ್ಕದ ಕೋಣೆಯವರು ಎರಡು ಸಲ ಬಾಗಿಲು ತೆರೆದು ಗದರಿದರು. ಹುಡುಗ ಮೊಬೈಲಿನಲ್ಲಿ ಸಂಗೀತವನ್ನು ಕತ್ತರಿಸಿ, ನಡುವಿನ ತುಣುಕೊಂದನ್ನು ಎರಡು ಸಲ ಅಂಟಿಸಿ ಅರ್ಧ ನಿಮಿಷ ಹಿಗ್ಗಿಸಿದ. ಅಂಟಿಸಿದ ಜಾಗದಲ್ಲಿ ತಬ್ಬಿಬ್ಬಾದಂತೆ ಒಂದು ಸಣ್ಣ ಎಡವಟ್ಟು ಕೇಳುತ್ತಿತ್ತು. ಮಲಗುವಾಗ ಹನ್ನೆರಡೂವರೆ.

ಮರುದಿನ ಬೆಳಿಗ್ಗೆ ಏಳಕ್ಕೆ ರಿದಮ್ ಡಾನ್ಸ್, ಮಧ್ಯಾಹ್ನದ ನಂತರ ಫ್ರೀ ಡಾನ್ಸ್. ಮೂರು ನಿಮಿಷ ದಾಟುವವರೆಗೆ ಹೇಗೋ ಬಂದರು. ಆ ಮೇಲೆ ಹುಡುಗನ ತೊಡೆ ನಡುಗುವುದು ಗ್ಯಾಲರಿಯಲ್ಲಿ ಕುಳಿತ ನನಗೂ ಕಾಣುತ್ತಿತ್ತು. ಕೊನೆಯ ಲಿಫ್ಟ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಚಿಕ್ಕ ಲಿಫ್ಟ್ ಎಂದರೆ ಹುಡುಗ ಹುಡುಗಿಯನ್ನು ಎತ್ತಿಕೊಂಡು ಜಾರುತ್ತಲೇ ಹೆಚ್ಚೆಂದರೆ ಏಳು ಸೆಕೆಂಡಿನೊಳಗೆ ಇಳಿಸಬೇಕಾದ ಕೆಲಸ. ಅವಳನ್ನು ಎತ್ತಿದ, ತಿರುಗಿದ, ಅಷ್ಟರಲ್ಲಿ ಅವನ ಮೊಣಕಾಲು ಮಡಚಿತು. ಮಗಳು ಬಲಗಾಲಿನ ಚಿಪ್ಪಿನ ಮೇಲೆ ಬಿದ್ದಳು. ಮಂಜಿನ ಮೇಲೆ ಬೀಳುವ ಸದ್ದು ಸಿಮೆಂಟಿನ ಮೇಲೆ ಬೀಳುವಂತೆ ಇರುವುದಿಲ್ಲ. ಪ್ಲಾಂಟಿನಲ್ಲಿ ಗಡ್ಡೆ ಕೈತಪ್ಪಿ ನೆಲಕ್ಕೆ ಬಿದ್ದಾಗ ಒಂದು ಮೊದ್ದು ಸದ್ದು ಬರುತ್ತದೆ. ಅದೇ ಸದ್ದು. ಎದ್ದಳು, ಮುಗಿಸಿದಳು, ನಮಸ್ಕರಿಸಿದಳು. ಮೂಳೆಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ರೈಲಿನಲ್ಲಿ ಮೊಣಕಾಲು ತೆಂಗಿನಕಾಯಿಯಷ್ಟು ಊದಿಕೊಂಡಿತ್ತು. ಹತ್ತು ದಿನ ಶಾಲೆಗೆ ರಿಕ್ಷಾದಲ್ಲಿ ಹೋದಳು.

ಅವರಿಗೆ ಬೆಳ್ಳಿಯ ಪದಕ ಬಂತು. ಎರಡು ಜೋಡಿಗಳಲ್ಲಿ ಎರಡನೆಯವರಿಗೆ ಬೆಳ್ಳಿ.

ಊರಿಗೆ ಮರಳಿದಾಗ "ಹಿರಿಯರ ವಿಭಾಗದಲ್ಲಿ ರಾಷ್ಟ್ರೀಯ ಬೆಳ್ಳಿ" ಎಂದು ಸುದ್ದಿ ಹಬ್ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಭಾಷಣಕಾರರು "ದೇಶದ ಘಟಾನುಘಟಿಗಳನ್ನು ಹಿಂದಿಕ್ಕಿ" ಎಂದರು. ಮಗಳು ವೇದಿಕೆಯ ಮೇಲೆ ತಲೆ ಎತ್ತಲಿಲ್ಲ. ಜನ ಅದನ್ನು ವಿನಯ ಎಂದುಕೊಂಡರು. ಜೂನಿಯರ್ ಪದಕ ಮನೆಯ ಗೋಡೆಯ ಮೇಲಿದೆ. ಈ ಬೆಳ್ಳಿ ಇನ್ನೂ ಶೂ ಚೀಲದ ಪಕ್ಕದ ಜೇಬಿನಲ್ಲಿದೆ.

ಮಾನ್ಯರೇ, ಎಳೆಯರು ಹಿರಿಯರ ಕೂಟದಲ್ಲಿ ಆಡಲೇಬಾರದು ಎಂದು ನಾನು ವಾದಿಸುವುದಿಲ್ಲ. ನಮ್ಮದು ಯಕ್ಷಗಾನದ ಜಿಲ್ಲೆ. ಬಡಗುತಿಟ್ಟಿನ ಮೇಳದಲ್ಲಿ ಹುಡುಗ ಮೊದಲು ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಮೆಟ್ಟಿಲು ಮೆಟ್ಟಿಲಾಗಿ ಮುಂದಿನ ವೇಷಕ್ಕೆ ಬರುತ್ತಾನೆ. ಹಾಗೆಂದು ವೇಷಧಾರಿ ಬಾರದ ರಾತ್ರಿ ಚಿಕ್ಕವನನ್ನು ದೂಡಿ ರಂಗಕ್ಕೆ ಹತ್ತಿಸಿದ್ದು, ಅವನು ಅಂದೇ ಬೆಳಗಿದ್ದು, ಇಂಥ ಕಥೆ ನಮ್ಮ ಚೌಕಿಗಳಲ್ಲಿ (ವೇಷ ಕಟ್ಟುವ ಕೋಣೆಗಳಲ್ಲಿ) ಬೇಕಾದಷ್ಟಿವೆ. ನಿಮ್ಮವರು "ಅನುಭವವಾಗುತ್ತದೆ" ಎಂದಾಗ ನನ್ನ ತಲೆಯಲ್ಲಿ ಓಡಿದ್ದೂ ಅದೇ ಕಥೆ. ಆದರೆ ಆ ಹುಡುಗ ವರ್ಷಗಟ್ಟಲೆ ಚೌಕಿಯಲ್ಲಿ ಕುಳಿತು, ಪರದೆಯ ಸಂದಿನಿಂದ ನೋಡಿ, ಆ ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾನೆ. ತಪ್ಪಿದರೆ ಭಾಗವತರು ಸಂಭಾಳಿಸಿಕೊಳ್ಳುತ್ತಾರೆ, ಒಂದು ಪದ್ಯ ಬಿಟ್ಟರೂ ಬಿಟ್ಟರು. ನಿಮ್ಮ ಅಂಗಳದಲ್ಲಿ ಭಾಗವತರಿಲ್ಲ, ಗಡಿಯಾರವಿದೆ.

ಜಗತ್ತಿನ ಬೇರೆಡೆ ಏನು ನಡೆದಿದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಎರಡು ಸಂಗತಿ ನೆನಪಿಸುತ್ತೇನೆ. 2018ರ ಡಿಸೆಂಬರ್‌ನಲ್ಲಿ ರಷ್ಯಾದ ಹಿರಿಯರ ರಾಷ್ಟ್ರೀಯ ಕೂಟದ ಮಹಿಳಾ ಸಿಂಗಲ್ಸ್‌ನಲ್ಲಿ ಮೊದಲ ಮೂರೂ ಸ್ಥಾನ ಪಡೆದವರು ಜೂನಿಯರ್ ವಯಸ್ಸಿನ ಹುಡುಗಿಯರು: ಷೆರ್ಬಕೋವಾ, ಟ್ರುಸೋವಾ, ಕೊಸ್ಟೋರ್ನಾಯಾ. ಮೂವರಿಗೂ ವಯಸ್ಸು ಸಾಲದೆ ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲಾಗಲಿಲ್ಲ. ಆ ಕೂಟದಲ್ಲಿ ಐದನೆಯವಳಾಗಿದ್ದ ಜಗಿಟೋವಾ ಹೋದಳು, 2019ರಲ್ಲಿ ಸೈಟಾಮಾದಲ್ಲಿ ವಿಶ್ವ ಚಾಂಪಿಯನ್ ಆದಳು. ಎಳೆಯರನ್ನು ಹಿರಿಯರೊಂದಿಗೆ ಕುಣಿಸುವುದರಲ್ಲಿ ರಷ್ಯಾದ್ದು ಎತ್ತಿದ ಕೈ, ಅವರಲ್ಲೇ ಗೆದ್ದವರು ಹಿರಿಯರ ವಿಶ್ವಕೂಟದ ಹೊರಗೆ ಉಳಿದರು. ಇನ್ನೊಂದು ಸಂಗತಿ ಜಪಾನಿನದು. ಅಲ್ಲಿ ಜೂನಿಯರ್ ರಾಷ್ಟ್ರೀಯ ಕೂಟ ನವೆಂಬರ್‌ನಲ್ಲಿ ನಡೆಯುತ್ತದೆ. ಅದರಲ್ಲಿ ಮುಂದಿರುವ ಕೆಲವರನ್ನು ಡಿಸೆಂಬರ್‌ನ ಹಿರಿಯರ ಕೂಟಕ್ಕೆ ಆಹ್ವಾನಿಸುತ್ತಾರೆ. ಆಹ್ವಾನ ಗಳಿಸಿದ್ದಕ್ಕೆ ಬರುತ್ತದೆ, ಜಾಗ ಖಾಲಿಯಿದೆ ಎಂದಲ್ಲ. ನಡುವೆ ಒಂದು ತಿಂಗಳ ಉಸಿರೂ ಇರುತ್ತದೆ.

2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಉದ್ದೀಪನ ಮದ್ದಿನ ವಿವಾದಕ್ಕೆ ಸಿಲುಕಿದ ರಷ್ಯಾದ ಹದಿನೈದರ ಹುಡುಗಿ ವಲಿಯೆವಾಳ ಪಾಡನ್ನು ಇಡೀ ಜಗತ್ತು ನೋಡಿದ ಮೇಲೆ, 2022ರ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗಳ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸಿತು. ಪರವಾಗಿ 100 ಮತ, ವಿರುದ್ಧ 16. ವಯಸ್ಸನ್ನು ಲೆಕ್ಕ ಹಾಕುವುದು ಜುಲೈ 1ಕ್ಕೆ. ನಮ್ಮ ಪ್ಲಾಂಟಿನ ಯಂತ್ರ ತಣ್ಣಗೆ ನಿಂತಿರುವ ದಿನಗಳಲ್ಲೇ ಅದು ಬರುತ್ತದೆ, ಹಾಗಾಗಿ ನಾನು ಮರೆಯುವುದಿಲ್ಲ. ಜೋಡಿಯಲ್ಲಿ ಇಬ್ಬರಿಗೂ ಹದಿನೇಳು ತುಂಬಿರಬೇಕು. ನಮ್ಮ ಹುಡುಗನಿಗೆ ತುಂಬಿದೆ, ಮಗಳಿಗೆ ಇನ್ನೂ ಎರಡು ಜುಲೈ ಕಳೆಯಬೇಕು. ಅಂದರೆ ಅವರು ಆ ದಿನ ಬೆಳ್ಳಿಯ ಬದಲು ಚಿನ್ನ ಗೆದ್ದಿದ್ದರೂ ನೀವು ಅವರನ್ನು ಹಿರಿಯರ ಯಾವ ವಿಶ್ವಕೂಟಕ್ಕೂ ಕಳಿಸಲಾಗುತ್ತಿರಲಿಲ್ಲ. ಇದು ಹಾಳೆ ಹಿಡಿದು ಬಂದವರಿಗೆ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ.

ಐಸ್ ಡಾನ್ಸ್‌ಗೆ ಅವಸರವಾದರೂ ಏತಕ್ಕೆ? ಇದು ಎಳೆಯ ಮೈಯಿಂದ ನಾಲ್ಕು ಸುತ್ತು ಹಾರಿಸಿ ಮುಗಿಸುವ ಆಟವಲ್ಲ, ಇಲ್ಲಿ ಅಂಥ ಜಿಗಿತಗಳಿಗೆ ಜಾಗವೇ ಇಲ್ಲ. ಇಬ್ಬರ ಉಸಿರು ಹೊಂದಲು ವರ್ಷಗಳು ಬೇಕು. 1984ರಲ್ಲಿ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಐಸ್ ಡಾನ್ಸ್ ಚಿನ್ನ ಗೆದ್ದಾಗ ಬ್ರಿಟನ್ನಿನ ಜೋಡಿ ಟಾರ್ವಿಲ್‌ಗೆ 26, ಡೀನ್‌ಗೆ 25. 2010ರಲ್ಲಿ ವ್ಯಾಂಕೂವರ್‌ನಲ್ಲಿ ಕೆನಡಾದ ವರ್ಚ್ಯೂ ಮತ್ತು ಮೊಯರ್ ಗೆದ್ದಾಗ ಒಲಿಂಪಿಕ್ ಐಸ್ ಡಾನ್ಸ್‌ನ ಅತಿ ಕಿರಿಯ ಚಾಂಪಿಯನ್ನರು ಎಂದು ಕರೆಯಿಸಿಕೊಂಡರು. ಆ ಅತಿ ಕಿರಿಯರ ವಯಸ್ಸು 20 ಮತ್ತು 22, ಅದೂ ಬಾಲ್ಯದಿಂದಲೇ ಜೊತೆಯಾಗಿ ಆಡಿಕೊಂಡು ಬಂದ ಮೇಲೆ. ನಮ್ಮ ಮಗಳು ಒಂದೇ ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಎತ್ತರವಾಗಿದ್ದಾಳೆ. ನಿನ್ನೆ ಎತ್ತಿದ ಹುಡುಗಿ ಇಂದು ಅದೇ ಹುಡುಗಿಯಲ್ಲ. ತೂಕ ಬದಲಾಗುತ್ತದೆ, ತೂಗುವ ಬಿಂದು ಬದಲಾಗುತ್ತದೆ, ಎತ್ತುವ ಹುಡುಗನ ಬೆನ್ನೂ ಇನ್ನೂ ಬೆಳೆಯುತ್ತಿರುತ್ತದೆ. ಮೂಳೆಯ ವೈದ್ಯರು ಮೊಣಕಾಲಿಗಿಂತ ಹೆಚ್ಚು ಹೊತ್ತು ಕೇಳಿದ್ದು ಹುಡುಗನ ಸೊಂಟದ ಬಗ್ಗೆ. ಬೆಳೆಯುವ ವಯಸ್ಸಿನಲ್ಲಿ ದಣಿದ ಬೆನ್ನಿನ ಮೇಲೆ ಮತ್ತೆ ಮತ್ತೆ ಭಾರ ಬಿದ್ದರೆ ಸೊಂಟದ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬೀಳಬಹುದು ಎಂದರು.

ಪಕ್ಕದ ಹಳಿಯಾಳದ ಕುಸ್ತಿ ಹುಡುಗರನ್ನು ನೋಡಿ. ಕುಸ್ತಿಯ ಅಂತರರಾಷ್ಟ್ರೀಯ ನಿಯಮದಲ್ಲಿ ಹದಿನೇಳರ ಹುಡುಗ 20ರೊಳಗಿನವರ ವಿಭಾಗಕ್ಕೆ ಇಳಿಯಬೇಕಾದರೆ ವೈದ್ಯರ ಪ್ರಮಾಣಪತ್ರ ಬೇಕು, ಪಾಲಕರ ಲಿಖಿತ ಒಪ್ಪಿಗೆಯೂ ಬೇಕು. ಮಣ್ಣು ಮೆತ್ತಿಕೊಂಡು ಬೆಳೆದ ಗಟ್ಟಿಮುಟ್ಟಾದ ಹುಡುಗರಿಗೇ ಇಷ್ಟು ಕಾಗದ. ನಮ್ಮ ಮಕ್ಕಳಿಗೆ ಒಂದು ಪೆನ್ಸಿಲ್.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಜೂನಿಯರ್ ಜೋಡಿ ಸೀನಿಯರ್‌ನಲ್ಲೂ ಆಡುವುದಾದರೆ ಅದು ಕೂಟಕ್ಕೆ ಹೆಸರು ಕೊಡುವ ಕೊನೆಯ ದಿನಾಂಕದೊಳಗೇ ತೀರ್ಮಾನವಾಗಲಿ. ಪಾಲಕರು, ಕೋಚ್, ವೈದ್ಯರು ಮೂವರ ಸಹಿಯೂ ಇರಲಿ, ಮೂವರಲ್ಲಿ ಒಬ್ಬರು ಬೇಡ ಎಂದರೂ ಬೇಡ. ಕೋಚ್ ಸಹಿ ಕಡ್ಡಾಯವಾಗಿದ್ದರೆ ಅಂದು ನನ್ನ ಹೂಂ ಒಂದರಿಂದಲೇ ಏನೂ ಆಗುತ್ತಿರಲಿಲ್ಲ. ಎರಡು ವಿಭಾಗಗಳ ನಡುವೆ ವಾರಗಳ ಅಂತರ ಇಡಿ. ರಿಂಕ್, ಅಂದರೆ ಮಂಜಿನ ಅಂಗಳ, ಸಿಗುವುದೇ ದುರ್ಲಭ, ಎರಡು ಸಲ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಿಮ್ಲಾದ ಅಂಗಳ ಚಳಿಯನ್ನು ನಂಬಿಕೊಂಡಿದೆ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ರಿಂಕ್ ಎಷ್ಟು ವರ್ಷ ಬಾಗಿಲು ಹಾಕಿಕೊಂಡಿತ್ತೆಂದು ಎಲ್ಲರಿಗೂ ಗೊತ್ತು. ಹಾಗಿದ್ದರೆ ಒಂದೇ ವಾರದ ಕೂಟದಲ್ಲಿ ಜೂನಿಯರ್ ಜೋಡಿ ತನ್ನ ಮೂರೂವರೆ ನಿಮಿಷದ ನೃತ್ಯವನ್ನೇ ಹಿರಿಯರ ದಿನ ಪ್ರದರ್ಶನವಾಗಿ ಆಡಲಿ, ತೀರ್ಪುಗಾರರು ಅಂಕಪಟ್ಟಿ ಕೊಡಲಿ, ಪದಕ ಬೇಡ. ಅನುಭವವೇ ಉದ್ದೇಶವಾಗಿದ್ದರೆ ಅದು ಹಾಗೂ ಸಿಗುತ್ತದೆ.

ಇನ್ನು ಒಂದೇ ಸೀನಿಯರ್ ಜೋಡಿ ಬಂದ ವರ್ಷ ಏನು ಮಾಡುವುದು? ಅವರೊಬ್ಬರೇ ಆಡಲಿ. ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲು ಕನಿಷ್ಠ ತಾಂತ್ರಿಕ ಅಂಕ ಬೇಕೆಂಬ ಪದ್ಧತಿ ಹೇಗೂ ಇದೆ. ಅದೇ ಮಾದರಿಯಲ್ಲಿ ನೀವೂ ಒಂದು ಅಂಕ ಗೊತ್ತುಪಡಿಸಿ, ಅದನ್ನು ಮುಟ್ಟಿದವರಿಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಕೊಡಿ. ಆ ದಿನ ಚಿನ್ನ ಗೆದ್ದ ಹಿರಿಯ ಜೋಡಿ ನಿಜಕ್ಕೂ ಚೆನ್ನಾಗಿ ಆಡಿತ್ತು. ದಣಿದ ಎರಡು ಮಕ್ಕಳನ್ನು ಸೋಲಿಸಿದರು ಎಂಬ ಮಾತು ಅವರಿಗೂ ಬೇಕಾಗಿರಲಿಲ್ಲ. ಆ ಹುಡುಗಿ ಆಮೇಲೆ ಐಸ್ ಚೀಲ ತಂದು ತಾನೇ ನನ್ನ ಮಗಳ ಮೊಣಕಾಲಿಗೆ ಹಿಡಿದುಕೊಂಡು ಕುಳಿತಿದ್ದಳು.

ಈ ಪತ್ರವನ್ನು ಮಗಳಿಗೆ ಓದಿ ತೋರಿಸಿದೆ. ಅವಳದು ಒಂದು ತಕರಾರು. "ಅಪ್ಪಾ, ನಮಗೆ ಆಗುವುದೇ ಇಲ್ಲ ಎನ್ನುವ ಹಾಗೆ ಬರೆದಿದ್ದೀರಿ. ಆರು ತಿಂಗಳು ಮೊದಲು ಹೇಳಿದರೆ ನಾಲ್ಕು ನಿಮಿಷ ನಾವೂ ಆಡುತ್ತೇವೆ" ಎಂದಳು. ಅವಳ ಮಾತನ್ನು ಇದ್ದ ಹಾಗೆ ನಿಮಗೆ ಮುಟ್ಟಿಸಿದ್ದೇನೆ. ಹೋದ ಭಾನುವಾರ ಕಲ್ಯಾಣ ಮಂಟಪದಲ್ಲಿ ಇಬ್ಬರೂ ಗಾಲಿ ಕಟ್ಟಿಕೊಂಡು ಹೊಸ ಸಂಗೀತಕ್ಕೆ ಹೆಜ್ಜೆ ಹಾಕುತ್ತಿದ್ದರು. ಗಡಿಯಾರ ಹಿಡಿದು ನಿಂತವನು ನಾನು. ಮೂರು ನಿಮಿಷ ಐವತ್ತಕ್ಕೆ ಹುಡುಗ "ಕಾಕಾ, ಸಾಕು" ಎಂದು ಕೂಗಿ ಅಡುಗೆ ಕೋಣೆಯ ಬಾಗಿಲಿಗೆ ಒರಗಿಕೊಂಡ.

ಕೊನೆಯದಾಗಿ ಪ್ರಮಾಣಪತ್ರದ ವಿಷಯ. ಎಷ್ಟು ಜೋಡಿಗಳು ಆಡಿದವು ಎಂಬುದನ್ನು ಪ್ರತಿಯೊಂದು ಪ್ರಮಾಣಪತ್ರದಲ್ಲೂ ಅಚ್ಚು ಹಾಕಿಸಿ. ನಮ್ಮ ಮಕ್ಕಳಿಗೆ ಕೊಟ್ಟ ಸೀನಿಯರ್ ಪ್ರಮಾಣಪತ್ರಗಳೆರಡನ್ನೂ ಶಿರಸಿಯ ಆಯಿಯವರ ಒಪ್ಪಿಗೆ ಪಡೆದು ಇಂದು ಸ್ಪೀಡ್ ಪೋಸ್ಟ್‌ನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. "ಎರಡು ಜೋಡಿಗಳಲ್ಲಿ ಎರಡನೆಯ ಸ್ಥಾನ" ಎಂದು ಬರೆದು ಮರಳಿಸಬೇಕಾಗಿ ವಿನಂತಿ. ಹುಡುಗನ ಹೆಸರಿನ ಕಾಗುಣಿತವನ್ನೂ ತಿದ್ದಿಸಿ.

ತಮ್ಮ ವಿಶ್ವಾಸಿ,
ಜೂನಿಯರ್ ಐಸ್ ಡಾನ್ಸ್ ಸ್ಪರ್ಧಿಯೊಬ್ಬಳ ತಂದೆ
ಬೈತಖೋಲ, ಕಾರವಾರ